ಅಪ್ಪಚ್ಚಿಯ ಟ್ರಂಕು, ಮಗಳ ಪೆಟ್ಟಿಗೆ

ಬಪ್ಪ ತಿಂಗಳು ಮಗಳು ಕೆಲಸಕ್ಕೆ ಹೇಳಿ ದುಬಾಯಿಗೆ ಹೆರಡ್ತು. ಪೆಟ್ಟಿಗೆಲಿ ಎಂತ ಮಡುಗೆಕ್ಕು, ಎಂತ ಬೇಡ ಹೇಳಿ ಎಂಗಳಲ್ಲಿ ದಿನಾ ಚರ್ಚೆ. ಅಷ್ಟಪ್ಪಗ ಅಟ್ಟಲ್ಲಿಪ್ಪ ಅಪ್ಪಚ್ಚಿಯ ತಗಡಿನ ಟ್ರಂಕು ನೆಂಪಾತು, ಅಕ್ಕಂದ್ರೇ.

ಅಪ್ಪಚ್ಚಿ ಹೋದ್ದು 1978ರಲ್ಲಿ. ಮಂಗ್ಳೂರಿಂದ ಬೊಂಬಾಯಿಗೆ ಬಸ್ಸು, ಅಲ್ಲಿಂದ ‘ದ್ವಾರಕಾ’ ಹೇಳ್ತ ಹಡಗು. ಆ ಹಡಗು 1982ರ ವರೆಗೆ ಓಡಿಗೊಂಡಿತ್ತು. ಅಪ್ಪಚ್ಚಿಗೆ ಅಲ್ಲಿ ಪೈಸೆ ಬದಲ್ಸೆಕ್ಕಾತು. ಅದಕ್ಕೂ ಮದಲು ಹೋದವಕ್ಕೆ ಆ ತೊಂದರೆಯೂ ಇತ್ತಿಲ್ಲೆ. 1966ರ ವರೆಗೆ ದುಬಾಯಿಲಿ ರೂಪಾಯಿಯೇ ನಡಕ್ಕೊಂಡಿತ್ತು. 1959ಂದ ಮತ್ತೆ ನಮ್ಮ ರಿಸರ್ವ್ ಬ್ಯಾಂಕೇ ಕೊಲ್ಲಿಯವಕ್ಕೆ ಹೇಳಿ ಬೇರೆ ನೋಟು ಅಚ್ಚು ಹಾಕಿತ್ತು. ದಿರ್ಹಮ್ ಬಂದದು 1973ರಲ್ಲಿ.

ಪರದೇಶ ಹೇಳಿರೆ ಚಳಿ ಹೇಳಿ ಅಜ್ಜಿಯ ಲೆಕ್ಕ. ಟ್ರಂಕಿನ ಅಡಿಲಿ ದಪ್ಪ ಕಂಬಳಿ, ಅದರ ಮೇಲೆ ಹಲಸಿನಕಾಯಿ ಹಪ್ಪಳ, ಮೆಡಿ ಉಪ್ಪಿನಕಾಯಿ. “ಇಲ್ಲಿ ಕಂಬಳಿ ನೋಡಿರೇ ಬೆಗರ್ತು” ಹೇಳಿ ಅಪ್ಪಚ್ಚಿ ಕಾಗದ ಬರದವು. ಬೇಸಗೆಲಿ ಅಲ್ಲಿ 40 ಡಿಗ್ರಿ ದಾಂಟುತ್ತಲ್ದಾ! ಮತ್ತೆ ಅದನ್ನೇ ಮಡುಸಿ ನೆಲಕ್ಕಲ್ಲಿ ಹಾಸಿ ಒರಗಿಗೊಂಡಿತ್ತಿದ್ದವಡ.

ಅಜ್ಜಿ ತೀರಿಹೋದ ಸುದ್ದಿ ತಂತಿಲಿ ಹೋತು. ಪಾಸ್‌ಪೋರ್ಟು ಕೆಲಸ ಕೊಟ್ಟವರ ಕೈಲಿ, ಟಿಕೇಟಿಂಗೆ ಪೈಸೆ ಇಲ್ಲೆ. ಅಪ್ಪಚ್ಚಿ ಮನಗೆ ಎತ್ತುವಗ ಬೊಜ್ಜ ಕಳುದಿತ್ತು. ಟ್ರಂಕಿಂದ ಕಂಬಳಿ ತೆಗದು ತೊಡೆ ಮೇಲೆ ಮಡಿಕ್ಕೊಂಡು ಕೂದ್ದದು ಎನಗೆ ಈಗಳೂ ಕಾಣ್ತು.

ಹಾಂಗಾಗಿ ಮಗಳಿಂಗೆ ಎನ್ನ ಪಟ್ಟಿ ಹೀಂಗೆ. ಹತ್ತಿ ಬಟ್ಟೆ ಜಾಸ್ತಿ. ಒಂದು ಶಾಲು ಬೇಕೇ ಬೇಕು. ಹೆರ ಸುಡು ಬೆಶಿಲಾದರೂ ಆಫೀಸಿನ ಒಳ ಏಸಿ ಚಳಿ. ಹಪ್ಪಳ, ಬಾಳ್ಕು ಮೆಣಸು, ಒಣಗ್ಸಿದ ಪುನರ್ಪುಳಿ ಅಕ್ಕು. ಗಸಗಸೆ ಮಾತ್ರ ಒಂದು ಕಾಳೂ ಬೇಡ, ಅಲ್ಲಿ ಅದು ನಿಷೇಧ. ಮದ್ದಿನೊಟ್ಟಿಂಗೆ ಡಾಕ್ಟ್ರ ಚೀಟಿ ಇರೆಕ್ಕು. ಕೆಲವು ಬೇನೆಯ ಮಾತ್ರೆ, ಒರಕ್ಕಿನ ಮಾತ್ರೆಗೊಕ್ಕೆ ಮದಲೇ ಅನುಮತಿ ತೆಕ್ಕೊಳೆಕ್ಕು. ಪಾಸ್‌ಪೋರ್ಟು ತನ್ನ ಕೈಲೇ ಇರೆಕ್ಕು. ಅದರ ಧಣಿ ಹಿಡುದು ಮಡುಗುಲೆ ಅಲ್ಲಿಯ ಕಾನೂನಿಲಿ ಈಗ ಅವಕಾಶ ಇಲ್ಲೆ.

2006ಂದ ಬಜಪೆಂದಲೇ ದುಬಾಯಿಗೆ ನೇರ ವಿಮಾನ ಸುರುವಾಯಿದು. ಆದರೆ ವಿಮಾನ ಇದ್ದರೆ ಸಾಕಾಗ, ಟಿಕೇಟಿಂಗೆ ಪೈಸೆಯೂ ಬೇಕು. ಒಂದು ಟಿಕೇಟಿನ ಪೈಸೆಯ ಬೇರೆಯೇ ಮಡುಗು, ಎಂತ ಬಂದರೂ ಅದರ ಮುಟ್ಟೆಡ ಹೇಳಿದೆ. “ಅದೆಂತಕಬ್ಬೆ?” ಹೇಳಿ ಕೇಳಿತ್ತು ಕೂಸು.

ಅಟ್ಟಕ್ಕೆ ಕರಕ್ಕೊಂಡು ಹೋಗಿ ಆ ಕಂಬಳಿ ತೋರ್ಸಿದೆ.