ಮೆಡಿಗ್ಯಾಪ್ ಆಯ್ಕೆಯಲ್ಲಿ ಕಾಲ ಮತ್ತು ಊರು

ಅಮೆರಿಕದಲ್ಲಿ 65ರ ಹೊಸ್ತಿಲಿಗೆ ಬಂದವರ ಅಂಚೆಪೆಟ್ಟಿಗೆಯಲ್ಲಿ ಹುಟ್ಟುಹಬ್ಬಕ್ಕೆ ತಿಂಗಳುಗಳ ಮೊದಲೇ ವಿಮಾ ಕಂಪನಿಗಳ ಲಕೋಟೆಗಳು ಬಂದು ಬೀಳತೊಡಗುತ್ತವೆ. ಎಲ್ಲವೂ ಕೇಳುವುದು ಒಂದೇ ಪ್ರಶ್ನೆ: ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಪೂರಕವಾದ ಖಾಸಗಿ ವಿಮೆಯ, ಅಂದರೆ ಮೆಡಿಗ್ಯಾಪ್‌ನ, ಪ್ಲಾನ್‌ಗಳಲ್ಲಿ ನಿಮಗೆ ಯಾವ ಅಕ್ಷರದ್ದು ಬೇಕು? ಈ ಪ್ರಶ್ನೆ ಕಾಣುವಷ್ಟು ಕಷ್ಟದ್ದಲ್ಲ. ಲಕೋಟೆಗಳು ಕೇಳದ ಇನ್ನೆರಡು ಪ್ರಶ್ನೆಗಳಿವೆ. ಯಾವಾಗ ಕೊಳ್ಳುತ್ತೀರಿ, ಯಾವ ರಾಜ್ಯದಲ್ಲಿದ್ದು ಕೊಳ್ಳುತ್ತೀರಿ ಎಂಬವು. ನಿವೃತ್ತರ ಮುಂದಿನ ಇಪ್ಪತ್ತು ವರ್ಷಗಳ ಖರ್ಚು ಬಹುಮಟ್ಟಿಗೆ ತೀರ್ಮಾನವಾಗುವುದು ಇವುಗಳ ಮೇಲೆ. 1990ರ ಕಾನೂನು ಪೂರಕ ವಿಮೆ ಎಂಬ ಸರಕನ್ನು ಏಕರೂಪಗೊಳಿಸಿತು. ಅಷ್ಟರಿಂದ ತೊಡಕು ಕರಗಲಿಲ್ಲ. ಪಾಲಿಸಿಯ ಒಳಗಿದ್ದದ್ದು ಕಾಲಕ್ಕೂ ಊರಿಗೂ ದಾಟಿಕೊಂಡಿತು ಎಂಬುದು ಈ ಲೇಖನದ ವಾದ.

ಮೊದಲು, ಪೂರಕ ವಿಮೆ ತುಂಬಬೇಕಾದ ಕಂದಕ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದ್ದು 1965ರ ಜುಲೈ 30ರಂದು, ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಎದುರಿಗೆ. ಆ ಕಾಲದ ಖಾಸಗಿ ವಿಮೆಯ ಅಚ್ಚಿನಲ್ಲೇ ಅದನ್ನು ಎರಕ ಹೊಯ್ದಿದ್ದರು: ಬ್ಲೂ ಕ್ರಾಸ್ ಮಾದರಿಯ ಆಸ್ಪತ್ರೆ ವಿಮೆ ‘ಭಾಗ ಎ’ ಆಯಿತು, ಬ್ಲೂ ಶೀಲ್ಡ್ ಮಾದರಿಯ ವೈದ್ಯರ ಶುಲ್ಕದ ವಿಮೆ ‘ಭಾಗ ಬಿ’ ಆಯಿತು. ಎರಡರಲ್ಲೂ ರೋಗಿಯ ಪಾಲು ಉಳಿದುಕೊಂಡಿತು. 2025ರ ದರದಂತೆ (ಮುಂದಿನ 419, 257 ಡಾಲರ್‌ಗಳೂ ಆ ವರ್ಷದವೇ) ಆಸ್ಪತ್ರೆಗೆ ದಾಖಲಾದರೆ ಮೊದಲ 1,676 ಡಾಲರ್ ರೋಗಿಯದೇ. ಇದು ವರ್ಷಕ್ಕೊಮ್ಮೆ ಕಟ್ಟಿ ಮರೆಯುವ ಮೊತ್ತವಲ್ಲ. ಬಿಡುಗಡೆಯಾಗಿ ಸತತ 60 ದಿನ ಕಳೆದ ಮೇಲೆ ಮತ್ತೆ ದಾಖಲಾದರೆ ಅಷ್ಟನ್ನೂ ಮತ್ತೆ ಕಟ್ಟಬೇಕು. ಒಂದೇ ದಾಖಲಾತಿ ಉದ್ದವಾದರೆ 61ನೇ ದಿನದಿಂದ ದಿನಕ್ಕೆ 419 ಡಾಲರ್. ಭಾಗ ಬಿಯಲ್ಲಿ ವರ್ಷದ ಮೊದಲ 257 ಡಾಲರ್ ಕಳೆದ ಮೇಲೆ ಒಪ್ಪಿತ ದರದ ಶೇ. 20 ರೋಗಿಯ ತಲೆಗೆ. ಈ ಶೇ. 20ಕ್ಕೆ ವರ್ಷದ ಮೇಲ್ಮಿತಿಯೇ ಇಲ್ಲ. ವೈದ್ಯರ ಕ್ಲಿನಿಕ್ಕಿನಲ್ಲಿ ಕೊಡುವ ಕೀಮೋಥೆರಪಿ ಭಾಗ ಬಿಗೆ ಸೇರುತ್ತದೆ. ಅದರ ಒಪ್ಪಿತ ಬಿಲ್ಲು ಒಂದು ಲಕ್ಷ ಡಾಲರ್ ಆಯಿತೆಂದರೆ ಮನೆಯವರು ಹೊಂದಿಸಬೇಕಾದದ್ದು ಸುಮಾರು ಇಪ್ಪತ್ತು ಸಾವಿರ. ಮೆಡಿಗ್ಯಾಪ್ ತುಂಬುವುದು ಈ ಕಂದಕವನ್ನು. ಹಲ್ಲು, ಕನ್ನಡಕ, ಶ್ರವಣಯಂತ್ರ, ಅಂಗಡಿಯಲ್ಲಿ ಕೊಳ್ಳುವ ಔಷಧಿ, ದೀರ್ಘಕಾಲದ ಆರೈಕೆ, ಇವು ಯಾವುವೂ ಅದರ ವ್ಯಾಪ್ತಿಗೆ ಬರುವುದಿಲ್ಲ.

ಕಂದಕ ಇದ್ದಲ್ಲಿ ವ್ಯಾಪಾರವೂ ಹುಟ್ಟಿಕೊಂಡಿತು. 1970ರ ದಶಕದಲ್ಲಿ ಏಜೆಂಟರು ಒಬ್ಬರೇ ಮುದುಕರಿಗೆ ಒಂದರ ಮೇಲೊಂದು ಪಾಲಿಸಿ ಮಾರುತ್ತಿದ್ದರು. ಒಂದು ಕೊಡುವುದನ್ನೇ ಇನ್ನೊಂದೂ ಕೊಡುವಂತಿತ್ತು, ಅಥವಾ ಎರಡೂ ಏನನ್ನೂ ಕೊಡದಂತಿದ್ದವು. ಕ್ಲಾಡ್ ಪೆಪ್ಪರ್ ಅಧ್ಯಕ್ಷತೆಯ ವೃದ್ಧಾಪ್ಯ ಕುರಿತ ಸಂಸದೀಯ ಸಮಿತಿ 1978ರಲ್ಲಿ ಈ ವ್ಯವಹಾರವನ್ನು ಬಯಲಿಗೆಳೆಯಿತು. 1980ರಲ್ಲಿ ಮೊಂಟಾನಾದ ಸೆನೆಟರ್ ಮ್ಯಾಕ್ಸ್ ಬಾಕಸ್ ಹೆಸರಿನ ತಿದ್ದುಪಡಿ ಕನಿಷ್ಠ ಗುಣಮಟ್ಟವೊಂದನ್ನು ಗೊತ್ತುಮಾಡಿತು. ಅದು ಸಾಲದೆಂದು ತಿಳಿಯಲು ಹತ್ತು ವರ್ಷ ಬೇಕಾಯಿತು. 1990ರ ಕಾನೂನು ಇನ್ನೂ ನೇರವಾದ ದಾರಿ ಹಿಡಿಯಿತು: ಎ ಇಂದ ಜೆ ತನಕ ಹತ್ತು ಪ್ಲಾನ್‌ಗಳು, ಪ್ರತಿಯೊಂದರ ಒಳಗಿರುವುದು ಎಲ್ಲ ಕಂಪನಿಗಳಲ್ಲೂ ಒಂದೇ. ಒಂದು ಪಾಲಿಸಿ ಇದ್ದವರಿಗೆ ಗೊತ್ತಿದ್ದೂ ಇನ್ನೊಂದನ್ನು ಮಾರುವುದು ಅಪರಾಧ. ಮ್ಯಾಸಚೂಸೆಟ್ಸ್, ಮಿನೆಸೋಟ, ವಿಸ್ಕಾನ್ಸಿನ್ ಮಾತ್ರ ತಮ್ಮದೇ ಹಳೆಯ ಕ್ರಮವನ್ನು ಉಳಿಸಿಕೊಂಡವು. ಆಮೇಲೆ ಕೆ, ಎಲ್, ಎಂ, ಎನ್ ಬಂದವು. ಇ, ಎಚ್, ಐ, ಜೆ ಹೊಸಬರಿಗೆ ಸಿಗದಾದವು. 2020ರ ಜನವರಿ 1ರಿಂದ ಈಚೆಗೆ ಮೆಡಿಕೇರ್‌ಗೆ ಅರ್ಹರಾದವರಿಗೆ ಸಿ ಮತ್ತು ಎಫ್ ಕೂಡ ಇಲ್ಲ.

ಮಿಕ್ಕ ಅಕ್ಷರಗಳೂ ಸಿಗುತ್ತವಾದರೂ, ಹೊಸದಾಗಿ ನಿವೃತ್ತರಾದವರಲ್ಲಿ ಹೆಚ್ಚಿನವರು ತೂಗಿ ನೋಡುವ ಅಕ್ಷರಗಳು ಎರಡು, ಜಿ ಮತ್ತು ಎನ್. ಜಿ ಪ್ಲಾನ್ ಭಾಗ ಬಿಯ 257 ಡಾಲರ್ ಒಂದನ್ನು ಬಿಟ್ಟು ಮಿಕ್ಕ ಬಹುತೇಕ ಎಲ್ಲವನ್ನೂ ತುಂಬುತ್ತದೆ. ಎನ್ ಕೂಡ ಆ 257ನ್ನು ಕೊಡುವುದಿಲ್ಲ. ಜೊತೆಗೆ ವೈದ್ಯರನ್ನು ಕಾಣುವ ಪ್ರತಿ ಸಲ 20 ಡಾಲರ್ ತನಕ, ದಾಖಲಾಗದೆ ಮುಗಿಯುವ ತುರ್ತು ಚಿಕಿತ್ಸೆಗೆ 50 ಡಾಲರ್ ತನಕ ಕೇಳುತ್ತದೆ. ಎರಡರ ಕಂತಿನ ಅಂತರ ತಿಂಗಳಿಗೆ 30 ಡಾಲರ್ ಎಂದು ಹಿಡಿದರೆ ವರ್ಷಕ್ಕೆ 360. ಹದಿನೆಂಟು ಸಲಕ್ಕಿಂತ ಕಡಿಮೆ ವೈದ್ಯರಲ್ಲಿಗೆ ಹೋಗುವವರಿಗೆ ಎನ್ ಅಗ್ಗ. ಇನ್ನೊಂದು ವ್ಯತ್ಯಾಸವೂ ಇದೆ. ಮೆಡಿಕೇರ್ ದರವನ್ನು ಪೂರ್ತಿಯಾಗಿ ಒಪ್ಪದ ಕೆಲವು ವೈದ್ಯರು ಅದರ ಮೇಲೆ ಶೇ. 15ರ ತನಕ ಹೆಚ್ಚುವರಿ ಶುಲ್ಕ ಹಾಕಬಹುದು. ಜಿ ಅದನ್ನು ಕೊಡುತ್ತದೆ, ಎನ್ ಕೊಡುವುದಿಲ್ಲ. ಆದರೆ ಪೆನ್ಸಿಲ್ವೇನಿಯ, ಓಹಾಯೊಗಳಂಥ ರಾಜ್ಯಗಳಲ್ಲಿ ಈ ಹೆಚ್ಚುವರಿ ಶುಲ್ಕಕ್ಕೇ ನಿಷೇಧ. ಅಂದರೆ ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್‌ನ ವೈದ್ಯರಲ್ಲೇ ತೋರಿಸಿಕೊಳ್ಳುವ ನಿವೃತ್ತರಿಗೆ ಎನ್‌ನ ಈ ಕೊರತೆ ಕಾಗದದ ಮೇಲಿನ ಕೊರತೆ ಮಾತ್ರ. ಅಕ್ಷರದ ಬೆಲೆಯನ್ನೂ ಕೊನೆಗೆ ಊರೇ ಹೇಳುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಹಳಬರ ಕೈಯಲ್ಲಿ ಇನ್ನೂ ಇರುವ ಎಫ್ ಪ್ಲಾನಿನ ಕಥೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ್ದು. ಎಫ್‌ಗೂ ಜಿಗೂ ಇರುವ ವ್ಯತ್ಯಾಸ ಆ 257 ಡಾಲರ್ ಮಾತ್ರ. ಒಂದೇ ಕಂಪನಿಯ ಎಫ್ ಕಂತು ಜಿಗಿಂತ ವರ್ಷಕ್ಕೆ 257ಕ್ಕೂ ಹೆಚ್ಚು ಮೇಲಿದ್ದರೆ, ಎಷ್ಟೇ ಕಾಯಿಲೆ ಬಿದ್ದರೂ ಎಫ್‌ನಲ್ಲಿ ನಷ್ಟವೇ. ಇಲ್ಲಿ ಅಪಾಯದ ಲೆಕ್ಕ ಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ಹಾಗಿದ್ದೂ ಜನ ಎಫ್ ಕೊಂಡರು, ಏಕೆಂದರೆ ಬಿಲ್ಲೇ ಬಾರದ ನೆಮ್ಮದಿಗೆ ಅವರು ಬೇರೆಯೇ ಬೆಲೆ ಕಟ್ಟಿದ್ದರು. ಅದನ್ನು ಮೂರ್ಖತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಮೆರಿಕದ ಆಸ್ಪತ್ರೆ ಬಿಲ್ಲುಗಳನ್ನು ಓದಿದವರಿಗೆ ಆ ನೆಮ್ಮದಿಯ ಬೆಲೆ ಅರ್ಥವಾಗುತ್ತದೆ.

ಸರಕು ಒಂದೇ ಆದರೆ ಬೆಲೆಯೂ ಒಂದಾಗಬೇಕೆಂಬುದು ಮಾರುಕಟ್ಟೆ ಶಾಸ್ತ್ರದ ಮೊದಲ ಪಾಠ. ಮೆಡಿಗ್ಯಾಪ್ ಅದನ್ನು ಸುಳ್ಳಾಗಿಸುತ್ತದೆ. ಒಂದೇ ಊರಿನಲ್ಲಿ, ಒಂದೇ ವಯಸ್ಸಿನವರಿಗೆ, ಒಂದೇ ಅಕ್ಷರದ ಪಾಲಿಸಿಗೆ ಕಂಪನಿಗಳು ಹೇಳುವ ಬೆಲೆಗಳು ಬಹಳ ದೂರ ದೂರ ಇರುತ್ತವೆ. ಅರ್ಥಶಾಸ್ತ್ರಜ್ಞೆ ನಿಕೋಲ್ ಮೇಸ್ಟಾಸ್ ಮತ್ತು ಸಹಲೇಖಕರು 2009ರ ಅಧ್ಯಯನದಲ್ಲಿ ಇದನ್ನು ಹುಡುಕಾಟದ ಶ್ರಮದಿಂದ ವಿವರಿಸಿದರು: ನಾಲ್ಕು ಕಡೆ ವಿಚಾರಿಸುವ ತೊಂದರೆಗೆ ಹಿಂಜರಿಯುವವರು ಇರುವವರೆಗೆ ದುಬಾರಿ ಮಾರುವವನೂ ಬದುಕುತ್ತಾನೆ. 2014ರಲ್ಲಿ ಅಮಾಂಡಾ ಸ್ಟಾರ್ಕ್ ಕೆಲವೇ ದೊಡ್ಡ ಕಂಪನಿಗಳ ಹಿಡಿತದತ್ತ ಬೆರಳು ತೋರಿದರು. ಎರಡೂ ನಿಜವಿರಬಹುದು. ಆದರೆ ಇಬ್ಬರ ಪ್ರಶ್ನೆಯೂ ಇಂದಿನ ಬೆಲೆಯ ಸುತ್ತ ನಿಂತಿದೆ, ನಿವೃತ್ತರು ಕೊಳ್ಳುವುದು ನಾಳೆಯ ಬೆಲೆಯನ್ನು.

ನಾಳೆಯ ಬೆಲೆ ಏರುವ ಬಗೆ ಮೂರು. ಕೆಲವು ಪಾಲಿಸಿಗಳಲ್ಲಿ ವಯಸ್ಸು ಎಷ್ಟೇ ಇರಲಿ ಎಲ್ಲರಿಗೂ ಒಂದೇ ದರ. ಕೆಲವುಗಳಲ್ಲಿ ಕೊಂಡಾಗಿನ ವಯಸ್ಸಿಗೆ ದರ ನಿಲ್ಲುತ್ತದೆ. ಹಣದುಬ್ಬರ, ಕ್ಲೇಮುಗಳ ಕಾರಣಕ್ಕೆ ಏರಬಹುದೇ ಹೊರತು ಮುಪ್ಪಿನ ಕಾರಣಕ್ಕಲ್ಲ. ಮೂರನೆಯದರಲ್ಲಿ ವಯಸ್ಸು ಏರಿದಂತೆ ದರವೂ ಏರುತ್ತದೆ. 65ರಲ್ಲಿ ಕೇಳಿದರೆ ಮೂರನೆಯದೇ ಅಗ್ಗ ಎಂದು ಕಾಣುವುದು ಸಹಜ, 80ರಲ್ಲಿ ಅದೇ ಉರುಳಾಗಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ವರ್ಮಾಂಟ್, ವಾಷಿಂಗ್ಟನ್ ಮೊದಲಾದ ರಾಜ್ಯಗಳು ಮೊದಲ ಬಗೆಯನ್ನೇ ಕಡ್ಡಾಯ ಮಾಡಿವೆ. ಫ್ಲಾರಿಡ, ಜಾರ್ಜಿಯ ಮೂರನೆಯದನ್ನು ಒಪ್ಪುವುದಿಲ್ಲ. ಟೆಕ್ಸಾಸ್‌ನಲ್ಲಿ ಅಂಥ ಕಟ್ಟುಪಾಡಿಲ್ಲ. ಲಕೋಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಈ ತಿಂಗಳ ದರ. ಏರುವ ಬಗೆಯನ್ನು ಒಳಗಿನ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು.

ಇಷ್ಟೆಲ್ಲ ತಪ್ಪಿದರೂ ಬೇರೆ ಪಾಲಿಸಿಗೆ ಹೋದರಾಯಿತು ಎನ್ನುವಂತಿದ್ದರೆ ಚಿಂತೆಯಿರಲಿಲ್ಲ. ಹಾಗೆ ಹೋಗಲಾಗುವುದಿಲ್ಲ. 65 ತುಂಬಿ ಭಾಗ ಬಿ ಶುರುವಾದ ತಿಂಗಳಿಂದ ಆರು ತಿಂಗಳು ಮಾತ್ರ ಯಾವ ಕಂಪನಿಯೂ ಕಾಯಿಲೆಯ ನೆಪದಲ್ಲಿ ಅರ್ಜಿ ತಿರಸ್ಕರಿಸುವಂತಿಲ್ಲ, ಹೆಚ್ಚು ದರ ಹಾಕುವಂತಿಲ್ಲ. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಆರೋಗ್ಯದ ಚರಿತ್ರೆ ಕೇಳಿ, ಬೇಡವೆನಿಸಿದರೆ ಬಾಗಿಲು ಹಾಕುವ ಹಕ್ಕು ಕಂಪನಿಗಿದೆ. ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್‌ನಲ್ಲಿ ವರ್ಷವಿಡೀ ಬಾಗಿಲು ತೆರೆದೇ ಇರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಈಗಾಗಲೇ ಪಾಲಿಸಿ ಇದ್ದವರು ಪ್ರತಿ ಹುಟ್ಟುಹಬ್ಬದಿಂದ 60 ದಿನಗಳೊಳಗೆ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಸವಲತ್ತಿನ ಇನ್ನೊಂದಕ್ಕೆ ತಪಾಸಣೆಯಿಲ್ಲದೆ ಬದಲಾಯಿಸಬಹುದು. ಹಾಗಾಗಿ ‘ಅಗ್ಗದ್ದನ್ನು ಕೊಂಡು ಆಮೇಲೆ ನೋಡೋಣ’ ಎಂಬ ತಂತ್ರ ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿ ವಿವೇಕ, ಟೆಕ್ಸಾಸ್‌ನ ಡಲಾಸ್‌ನಲ್ಲಿ ಜೂಜು.

ಕಾಯಿಲೆಯವರನ್ನು ವಿಮೆ ದೂರವಿಡುವುದು ಏಕೆಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲೋಫ್ 1970ರಲ್ಲಿ ಬರೆದ ‘ನಿಂಬೆ’ (ಕೆಟ್ಟ ಕಾರಿಗೆ ಅಮೆರಿಕದ ಆಡುಮಾತು) ಲೇಖನ ಪ್ರಸಿದ್ಧ ಉತ್ತರ. ಹಳೆಯ ಕಾರುಗಳ ಉದಾಹರಣೆಗೆ ಹೆಸರಾದ ಆ ಲೇಖನದಲ್ಲಿ 65 ದಾಟಿದವರಿಗೆ ವಿಮೆ ಸಿಗದ ಪ್ರಸಂಗವೂ ಇದೆ: ದರ ಏರಿಸಿದಷ್ಟೂ ಕಾಯಿಲೆಯವರೇ ಉಳಿಯುತ್ತಾರೆ. ಈ ತರ್ಕದಂತೆ ಮೆಡಿಗ್ಯಾಪ್ ಕೊಂಡವರು ಕೊಳ್ಳದವರಿಗಿಂತ ಹೆಚ್ಚು ರೋಗಿಷ್ಠರಾಗಿರಬೇಕು. 2008ರಲ್ಲಿ ಹ್ಯಾನ್ಮಿಂಗ್ ಫಾಂಗ್, ಮೈಕೆಲ್ ಕೀನ್, ಡ್ಯಾನ್ ಸಿಲ್ವರ್‌ಮನ್ ಕಂಡದ್ದು ತದ್ವಿರುದ್ಧ: ಕೊಂಡವರ ವೈದ್ಯಕೀಯ ಖರ್ಚೇ ಕಡಿಮೆ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಗ್ರಹಿಕೆಯ ಸಾಮರ್ಥ್ಯ ಎಂದು ಅವರು ತೋರಿಸಿದರು. ಲೆಕ್ಕ, ನೆನಪು ಚುರುಕಾಗಿದ್ದವರು ವಿಮೆಯನ್ನೂ ಕೊಂಡಿದ್ದರು, ಆರೋಗ್ಯವಾಗಿಯೂ ಇದ್ದರು. ನನ್ನ ಓದಿನಲ್ಲಿ ಈ ಫಲಿತಾಂಶದ ಭಾರ ಅರ್ಥಶಾಸ್ತ್ರದ ಆಚೆಗೂ ಹೋಗುತ್ತದೆ. ಸಣ್ಣ ಅಕ್ಷರ ಓದಬಲ್ಲವರಿಗೆ ಮಾತ್ರ ತೆರೆದುಕೊಳ್ಳುವ ಆರು ತಿಂಗಳ ಬಾಗಿಲು, ಓದಲಾಗದವರನ್ನು ಮಾತಿಲ್ಲದೆ ಹೊರಗಿಡುತ್ತದೆ. ಸರ್ಕಾರ ಇದಕ್ಕೆ ಮದ್ದನ್ನೂ ಅದೇ 1990ರ ಕಾನೂನಿನಲ್ಲಿಟ್ಟಿತು. ಪ್ರತಿ ರಾಜ್ಯದಲ್ಲೂ ಕಮಿಷನ್ನಿನ ಆಸೆಯಿಲ್ಲದ ಉಚಿತ ಸಲಹಾ ಕೇಂದ್ರಗಳಿವೆ, ‘ಶಿಪ್’ ಎಂಬ ಹೆಸರಿನವು. ಏಜೆಂಟರ ಫೋನು ಬಂದಷ್ಟು ಸಲ ಇವುಗಳ ಹೆಸರು ಕಿವಿಗೆ ಬೀಳುವುದಿಲ್ಲ ಎಂಬುದು ಬೇರೆ ಮಾತು.

ಮೆಡಿಕೇರ್ ಅಡ್ವಾಂಟೇಜ್ ಎಂಬ ಪರ್ಯಾಯವನ್ನು ಇಲ್ಲಿ ಬಿಡುವಂತಿಲ್ಲ. ಸಾಮಾನ್ಯವಾಗಿ ಭಾಗ ಬಿಯ ಕಂತಿನ ಮೇಲೆ ಹೆಚ್ಚಿಗೆ ಏನೂ ಕೇಳದ, ಹಲ್ಲು ಕಣ್ಣುಗಳನ್ನೂ ಸೇರಿಸಿಕೊಳ್ಳುವ ಈ ಖಾಸಗಿ ಯೋಜನೆಗಳಲ್ಲಿ ಇಂದು ಅರ್ಹರ ಅರ್ಧಕ್ಕಿಂತ ಹೆಚ್ಚು ಜನರಿದ್ದಾರೆ. ಖರ್ಚಿಗೆ ವರ್ಷದ ಮೇಲ್ಮಿತಿಯೂ ಇದೆ. ಬದಲಿಗೆ, ಗೊತ್ತುಮಾಡಿದ ವೈದ್ಯರ ಜಾಲ ಮತ್ತು ಮುಂಚಿತ ಅನುಮತಿ. 65ರಲ್ಲಿ ಇದನ್ನು ಸೇರಿದವರಿಗೆ ಮೊದಲ ಹನ್ನೆರಡು ತಿಂಗಳೊಳಗೆ ಮೆಡಿಗ್ಯಾಪ್‌ಗೆ ಮರಳುವ ಹಕ್ಕಿದೆ. 72ರಲ್ಲಿ ಕ್ಯಾನ್ಸರ್ ಪತ್ತೆಯಾಗಿ ದೂರದ ದೊಡ್ಡ ಆಸ್ಪತ್ರೆ ಬೇಕೆನಿಸಿದಾಗ, ಬಹುತೇಕ ರಾಜ್ಯಗಳಲ್ಲಿ ಮರಳುವ ದಾರಿಗೆ ಕಂಪನಿಯ ತಪಾಸಣೆ ಅಡ್ಡ ನಿಂತಿರುತ್ತದೆ.

ಅಮೆರಿಕದ ಕನ್ನಡಿಗ ಮನೆಗಳಲ್ಲಿ ಈ ನಿಯಮಗಳು ಎರಡು ತಲೆಮಾರಿಗೆ ಎರಡು ರೀತಿ ತಾಗುತ್ತವೆ. 1990ರ ದಶಕದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋದವರು ಹತ್ತು ವರ್ಷ ತೆರಿಗೆ ಕಟ್ಟಿದ್ದರಿಂದ ಅವರಿಗೆ ಭಾಗ ಎ ಉಚಿತ. ಅವರ ಬಳಿಗೆ ಗ್ರೀನ್ ಕಾರ್ಡ್ ಮೇಲೆ ಬಂದ ತಂದೆತಾಯಿಯರ ಲೆಕ್ಕ ಬೇರೆ. ಐದು ವರ್ಷ ಸತತವಾಗಿ ಅಲ್ಲಿ ನೆಲೆಸಿದ ಮೇಲೆ ಅವರು ಮೆಡಿಕೇರ್ ಕೊಳ್ಳಬಹುದು. ಮಗ ಅಥವಾ ಮಗಳ ದುಡಿಮೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಊರಿನಲ್ಲಿ ಮೂವತ್ತು ವರ್ಷ ದುಡಿದದ್ದೂ ಬರುವುದಿಲ್ಲ, ಏಕೆಂದರೆ ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲ. 2025ರಲ್ಲಿ ಭಾಗ ಎಗೆ ತಿಂಗಳಿಗೆ 518, ಭಾಗ ಬಿಗೆ 185, ಒಟ್ಟು 703 ಡಾಲರ್, ಒಬ್ಬರಿಗೆ. ದುಬಾರಿಯೆಂದು ಭಾಗ ಬಿ ಒಂದನ್ನೇ ಕೊಂಡವರಿಗೆ ಮೆಡಿಗ್ಯಾಪ್ ಸಿಗುವುದಿಲ್ಲ, ಎರಡೂ ಇರಬೇಕು. ಅಪ್ಪನಿಗೆ 68 ಆಯಿತು, ಆರು ತಿಂಗಳ ಬಾಗಿಲು ಎಂದೋ ಮುಚ್ಚಿತು ಎಂದು ಮಕ್ಕಳು ಕೈಬಿಡುವುದೂ ಸರಿಯಲ್ಲ. ಆ ಆರು ತಿಂಗಳ ಎಣಿಕೆ ಶುರುವಾಗುವುದು ಭಾಗ ಬಿ ಶುರುವಾದಾಗ. 68ರಲ್ಲಿ ಮೊದಲ ಸಲ ಭಾಗ ಬಿ ಪಡೆದವರಿಗೆ 68ರಲ್ಲೇ.

ಆರು ತಿಂಗಳು ಡಲಾಸ್‌ನ ಮಗನ ಮನೆಯಲ್ಲಿ, ಆರು ತಿಂಗಳು ಸ್ಯಾನ್ ಹೋಸೆಯ ಮಗಳ ಮನೆಯಲ್ಲಿ ಇರುವ ಅಪ್ಪ ಅಮ್ಮಂದಿರಿಗೆ ಮೆಡಿಗ್ಯಾಪ್‌ನ ಇನ್ನೊಂದು ಗುಣ ದೊಡ್ಡದು: ದೇಶದಲ್ಲಿ ಮೆಡಿಕೇರ್ ಒಪ್ಪುವ ಯಾವ ವೈದ್ಯರಲ್ಲೂ ಅದು ನಡೆಯುತ್ತದೆ. ಅಡ್ವಾಂಟೇಜ್ ಸಾಮಾನ್ಯವಾಗಿ ಕೌಂಟಿಯ ಎಲ್ಲೆಗೆ ಕಟ್ಟುಬಿದ್ದದ್ದು. ತುರ್ತು ಚಿಕಿತ್ಸೆ ಬಿಟ್ಟರೆ ಇನ್ನೊಂದು ರಾಜ್ಯದಲ್ಲಿ ಅದನ್ನು ನೆಚ್ಚುವಂತಿಲ್ಲ.

ಊರಿಗೆ ಬಂದಾಗಿನ ಮಾತು ಬೇರೆ. ಮೂಲ ಮೆಡಿಕೇರ್ ಭಾರತದಲ್ಲಿ ಏನನ್ನೂ ಕೊಡುವುದಿಲ್ಲ. ಜಿ, ಎನ್ ಪ್ಲಾನ್‌ಗಳು ವಿದೇಶದಲ್ಲಿನ ತುರ್ತು ಚಿಕಿತ್ಸೆಗೆ ವರ್ಷಕ್ಕೆ 250 ಡಾಲರ್ ಕಳೆದು ಉಳಿದದ್ದರ ಶೇ. 80 ಕೊಡುತ್ತವೆ, ಜೀವಮಾನದ ಮಿತಿ 50,000 ಡಾಲರ್. ತುರ್ತು ಶುರುವಾಗಿರಬೇಕಾದದ್ದು ಪ್ರಯಾಣದ ಮೊದಲ 60 ದಿನಗಳಲ್ಲಿ. ನವೆಂಬರ್ ಮೊದಲ ವಾರ ಬೆಂಗಳೂರಿಗೆ ಇಳಿದು ಯುಗಾದಿ ಮುಗಿಸಿಕೊಂಡು ಹೊರಡುವವರಿಗೆ ಸಂಕ್ರಾಂತಿಯ ಹೊತ್ತಿಗೆ ಆ ರಕ್ಷಣೆ ತೀರಿರುತ್ತದೆ. ಮೊದಲೇ ಗೊತ್ತುಮಾಡಿಕೊಂಡ ಮಂಡಿ ಶಸ್ತ್ರಚಿಕಿತ್ಸೆಗೆ ಅದು ಮೊದಲ ದಿನವೂ ಬರುವುದಿಲ್ಲ. ಉಳಿದ ತಿಂಗಳುಗಳಿಗೆ ಪ್ರತ್ಯೇಕ ಪ್ರವಾಸ ವಿಮೆಯೋ ಇಲ್ಲಿಯದೇ ಆರೋಗ್ಯ ಪಾಲಿಸಿಯೋ ಬೇಕು. ಆ ಕಂತನ್ನೂ ಜಿ, ಎನ್‌ಗಳ ಕಂತಿನ ಪಕ್ಕದಲ್ಲೇ ಬರೆದುಕೊಂಡು ಕೂಡಬೇಕಾಗುತ್ತದೆ.