ಪಿಗ್ಮಿ ಪುಸ್ತಕದಿಂದ ಬ್ಲಾಕ್‌ಚೈನ್‌ವರೆಗೆ

ಉಪ್ಪಳ ಪೇಟೆಯಲ್ಲಿ ಅಂಗಡಿ ಇಟ್ಟವರು, ಗಲ್ಫಿನಿಂದ ಮರಳಿ ಏನಾದರೂ ವ್ಯಾಪಾರ ಮಾಡಬೇಕೆಂದಿರುವವರು ನಮ್ಮಲ್ಲಿ ಕೇಳುವುದುಂಟು: "ಮಾಷ್ಟ್ರೇ, ಈ ಬಿಟ್‌ಕಾಯಿನ್ ಅಂದ್ರೆ ಎಂಥದು? ದುಡ್ಡು ಹಾಕ್ಬಹುದಾ?" ನಾವು ಚರಿತ್ರೆ ಪಾಠ ಮಾಡುವವರು, ಷೇರುಪೇಟೆಯವರಲ್ಲ. ಆದರೆ ಈ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಹಳೆಯ ಜಿಲ್ಲೆಯ ಚರಿತ್ರೆಯಲ್ಲೇ ಇದೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. ಆ ಜಿಲ್ಲೆಯೋ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕನ್ನು ಆರಂಭಿಸಿದರು (ಈ ಹೆಸರುಗಳು ಬಂದದ್ದು ಆಮೇಲೆ). 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ತೆರೆದರು. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು.

1928ರಲ್ಲಿ ಬಂತು ಪಿಗ್ಮಿ. ಬ್ಯಾಂಕಿನವರೇ ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುವ ಯೋಜನೆ. ಕೊಟ್ಟ ಹಣ ನಮ್ಮ ಕೈಯ ಪುಸ್ತಕದಲ್ಲೂ ಬರೆಯಲ್ಪಡುತ್ತದೆ, ಬ್ಯಾಂಕಿನ ಲೆಕ್ಕದಲ್ಲೂ ಇರುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಸಾಕ್ಷಿ ಹೇಳುತ್ತದೆ.

ಬ್ಲಾಕ್‌ಚೈನ್ ಎಂಬುದು ಇಂಥ ಲೆಕ್ಕದ ಪುಸ್ತಕವೇ. ಆದರೆ ಪ್ರತಿಗಳು ಎರಡಲ್ಲ, ಸಾವಿರಾರು. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುತ್ತದೆ; ಹಳೆಯ ಪುಟ ತಿದ್ದಿದರೆ ಮುಂದಿನದ್ದೆಲ್ಲ ತಾಳೆಯಾಗುವುದಿಲ್ಲ. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಲೇಖನದಿಂದ 2009ರಲ್ಲಿ ಬಿಟ್‌ಕಾಯಿನ್ ಹುಟ್ಟಿತು. ಅಲ್ಲಿ ಪುಸ್ತಕಕ್ಕೆ ಶಾನುಭೋಗನಿಲ್ಲ. ಆ ಹೆಸರಿನವರು ಯಾರೆಂದು ಇಂದಿಗೂ ಖಚಿತವಾಗಿಲ್ಲ!

ಪುಸ್ತಕ ಬೇರೆ, ನಾಣ್ಯ ಬೇರೆ. ವ್ಯಾಪಾರಿಗಳು ಎಡವುವುದು ಇಲ್ಲೇ.

1960ರಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕ್ ಮುಚ್ಚಿ ಠೇವಣಿದಾರರು ಕಂಗಾಲಾದರು. ಅದರ ಬೆನ್ನಿಗೇ 1962ರಲ್ಲಿ ಠೇವಣಿ ವಿಮೆ ಬಂತು. 2020ರಿಂದ ಅದರ ಮಿತಿ 5 ಲಕ್ಷ ರೂಪಾಯಿ. ಕ್ರಿಪ್ಟೋ ನಾಣ್ಯಕ್ಕೆ ಆ ವಿಮೆಯಿಲ್ಲ. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರ ದಿವಾಳಿಯಾದಾಗ ಕೆಟ್ಟದ್ದು ಬ್ಲಾಕ್‌ಚೈನ್ ಅಲ್ಲ. ಗ್ರಾಹಕರ ಹಣವನ್ನು ಒಳಗಿನವರೇ ಬಳಸಿಕೊಂಡಿದ್ದರು. ನಮ್ಮ ದೇಶದಲ್ಲಂತೂ 2022ರ ಏಪ್ರಿಲಿನಿಂದ ಇದರ ಲಾಭಕ್ಕೆ ಶೇ. 30 ತೆರಿಗೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಅಂಗಡಿಯ ಚಾಲ್ತಿ ಬಂಡವಾಳವನ್ನು ಇದಕ್ಕೆ ಸುರಿಯುವುದು ವ್ಯಾಪಾರವಲ್ಲ, ಜೂಜು ಎಂದೇ ನಮ್ಮ ಅಭಿಪ್ರಾಯ.

ಪುಸ್ತಕದ ಉಪಯೋಗ ಮಾತ್ರ ಯೋಚಿಸತಕ್ಕದ್ದು. 2019ರ ಮಾರ್ಚಿನಲ್ಲಿ ಬೆಂಗಳೂರಿನ ಕಾಫಿ ಮಂಡಳಿ ಬೆಳೆಗಾರರನ್ನೂ ಕೊಳ್ಳುವವರನ್ನೂ ನೇರ ಜೋಡಿಸಲು ಬ್ಲಾಕ್‌ಚೈನ್ ಮಾರುಕಟ್ಟೆಯನ್ನು ಪ್ರಯೋಗಕ್ಕೆ ತಂದಿತು. ಬೆಳೆಗಾರ, ರಫ್ತುದಾರ, ಹುರಿಯುವವ ಹೀಗೆ ಒಬ್ಬರನ್ನೊಬ್ಬರು ಅರಿಯದ ಹಲವರಿರುವಲ್ಲಿ ಇದಕ್ಕೆ ಅರ್ಥವಿದೆ. ಉಪ್ಪಳದ ಅಂಗಡಿಯ ಉದ್ರಿ ಲೆಕ್ಕಕ್ಕೆ ಖಂಡಿತ ಬೇಡ. ಚೀಲದಲ್ಲಿ ಹೊಸ ಅಡಿಕೆಯಿಟ್ಟು ಹಳೇದೆಂದು ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಅಳಿಯದಂತೆ ಕಾಪಾಡುತ್ತದೆ. ನಮ್ಮ ಅಡಿಕೆ ಬೆಳೆಗಾರರು ಬೆಲೆ ಕುಸಿದು ಕಂಗೆಟ್ಟಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಎರಡೂ ರಾಜ್ಯಗಳಿಗೆ ಸೇರಿದಂತೆ ಕ್ಯಾಂಪ್ಕೋ ಕಟ್ಟಿದರು. ಅಲ್ಲಿ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿ ದರ್ಜೆ ಹೇಳುವವರೇ ಬೇಕಾಯಿತು.