ಜರ್ಮನಿಯ ಊರುಗಳ ಆಪದ್ಧನ

ಕ್ರಿ. ಶ. 1914ರಲ್ಲಿ ಮಹಾಯುದ್ಧವು ತೊಡಗಿದೊಡನೆ ಜರ್ಮನಿಯ ಜನರು ಬೆಳ್ಳಿಯ ನಾಣ್ಯಗಳನ್ನು ಬಚ್ಚಿಟ್ಟರು. ತಾಮ್ರವೂ ನಿಕ್ಕಲೂ ಯುದ್ಧದ ಕಾರ್ಖಾನೆಗಳಿಗೆ ಸಂದುವು. ಚಿಲ್ಲರೆಯೇ ಇಲ್ಲದಂತಾಗಲು ಪುರಸಭೆಗಳು ಕಾಗದದ ಹಣವನ್ನು ಅಚ್ಚುಹಾಕಿಸಿದುವು. ಇದಕ್ಕೆ ‘ನೋಟ್‌ಗೆಲ್ಡ್’ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ‘ನೋಟ್’ ಎಂದರೆ ಆಪತ್ತು.

1918ರಲ್ಲಿ ಯುದ್ಧವು ಮುಗಿದರೂ ಚಿಲ್ಲರೆಯ ಅಭಾವವು ನೀಗಲಿಲ್ಲ. ಚೀಟಿಗಳ ಮೇಲೆ ಆಯಾ ಊರಿನ ಐತಿಹ್ಯಗಳು ಚಿತ್ರಿತವಾದುವು. ಹಾಮೆಲ್ನ್ ಪಟ್ಟಣವು, ಕುವೆಂಪು ಅವರ ಕಿಂದರಿಜೋಗಿಗೆ ಮೂಲನಾದ ಕೊಳಲುಗಾರನನ್ನು ಅಚ್ಚೊತ್ತಿಸಿತು. ಬೀಲೆಫೆಲ್ಡ್ ನಗರವು ರೇಷ್ಮೆಯ ಬಟ್ಟೆಯ ಮೇಲೆಯೇ ಹಣವನ್ನು ಮುದ್ರಿಸಿತು. ಸಂಗ್ರಾಹಕರು ಕೊಂಡಿಟ್ಟ ಚೀಟಿಯು ನಗದಿಗಾಗಿ ಮರಳಿ ಬಾರದಾದುದರಿಂದ ಅದರ ಬೆಲೆಯು ಊರಿಗೆ ಲಾಭವೇ ಆಯಿತು. ಆಪತ್ತಿನ ಪರಿಹಾರವು ಹೀಗೆ ವ್ಯಾಪಾರವಾಗಲು, 1922ರಲ್ಲಿ ಸರ್ಕಾರವು ಇದನ್ನು ನಿಷೇಧಿಸಿತು.

ಆದರೆ 1923ರ ಹಣದುಬ್ಬರದಲ್ಲಿ ರೈಷ್‌ಬ್ಯಾಂಕಿನ ಮುದ್ರಣವು ಸಾಲದೆಹೋಗಿ ಊರುಗಳು ಮತ್ತೆ ಚೀಟಿಗಳನ್ನು ಹೊರಡಿಸಬೇಕಾಯಿತು. ಈ ಸಲ ಅವುಗಳ ಮೇಲಿನ ಮೊತ್ತವು ಲಕ್ಷ, ಕೋಟಿಗಳಿಗೆ ಏರಿತು. ದುಡಿದವನ ಕೂಲಿಯು ಕೈಯಲ್ಲಿರುವಂತೆಯೇ ಕರಗಿತು. ನವೆಂಬರಿನಲ್ಲಿ ಬಂದ ಒಂದು ರೆಂಟೆನ್‌ಮಾರ್ಕಿಗೆ ಹಳೆಯ ಒಂದು ಲಕ್ಷ ಕೋಟಿ ಕಾಗದದ ಮಾರ್ಕುಗಳು ಸಮನೆನಿಸಿದುವು.

ಪರಿಚಿತ ಪುರಸಭೆಯ ಮಾತು ನೆರೆಯ ಅಂಗಡಿಯಲ್ಲಿ ಹಣವಾಗಿ ನಡೆದುದು ಆ ಮಾತಿನ ಹಿಂದೆ ರಾಷ್ಟ್ರದ ನಾಣ್ಯವಿದ್ದುದರಿಂದ. ಆ ನಾಣ್ಯವೇ ಕುಸಿದಾಗ ಊರಿನ ಮುದ್ರೆಗೂ ಆಧಾರವು ಉಳಿಯಲಿಲ್ಲ.